ಮನೆಯಂಗಳಕ್ಕೆ ಹುಲ್ಲುಹಾಸೋ, ಹರಿವೆ ಮಡಿಯೋ?



ಕಾಫಿ, ಅಡಿಕೆಯ ವಿಷಯ ಬಿಟ್ಟು ಬೆಂಗಳೂರಿನ ಮನೆಯಂಗಳದ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಒಂದು ಮನೆ ಇದೆ. ಮಕ್ಕಳ ಓದಿಗೆಂದು ಹಿರಿಯರು ಕಟ್ಟಿಸಿದ್ದು, ಈಗ ಮಕ್ಕಳ ಉದ್ಯೋಗಕ್ಕೂ ತಂದೆತಾಯಿಯರ ಔಷಧೋಪಚಾರಕ್ಕೂ ಆಗಿಬರುತ್ತಿದೆ. ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಮೂವರು ಸದಸ್ಯರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದರು: ಬೆಂಗಳೂರಿನ ಮನೆಯ ಮುಂದೆ ಇರುವ ಲಾನನ್ನು ಇಟ್ಟುಕೊಳ್ಳುವುದೋ, ಕಿತ್ತು ತರಕಾರಿ ಹಾಕುವುದೋ? ಪಂಕ್ತಿಯಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧವಾಯಿತು. ಆದ್ದರಿಂದ ಇಲ್ಲಿ ವಿವರವಾಗಿ ತಿಳಿಸಲಿಚ್ಛಿಸುತ್ತೇವೆ. ಇದರಲ್ಲಿ ಸ್ವಲ್ಪ ಭಾಗ ಪುಸ್ತಕದ್ದು, ಹೆಚ್ಚಿನದು ನಮ್ಮ ಮನೆಯ ಅನುಭವದ್ದು.

ಜಯನಗರದ ನಾಲ್ಕನೆಯ 'ಟಿ' ಬ್ಲಾಕಿನಲ್ಲಿ ನಮ್ಮ ತಂದೆಯವರು 40x60 ನಿವೇಶನದಲ್ಲಿ ಮನೆ ಕಟ್ಟಿಸಿ, ಮುಂದಿನ ಸುಮಾರು 400 ಚದರಡಿ ಜಾಗಕ್ಕೆ ಹುಲ್ಲು ಹಾಕಿಸಿದ್ದರು. ಊರಿನಲ್ಲಿ ಆಳುಗಳನ್ನು ಹಚ್ಚಿ ವರ್ಷಕ್ಕೆರಡು ಸಲ ಹುಲ್ಲು ಸವರಿಸುತ್ತಿದ್ದವರು ಬೆಂಗಳೂರಿಗೆ ಬಂದಾಗ ಅದೇ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದಾಡುವುದನ್ನು ನೋಡಿ ನಮಗೆ ನಗು ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಆ ಹುಲ್ಲನ್ನು ಬಹಳ ಅಚ್ಚುಕಟ್ಟಾಗಿ ನೋಡಿಕೊಂಡರು. ನಡುವೆ ಒಮ್ಮೆ ಅದು ಅಲ್ಲಲ್ಲಿ ಬೋಳಾದಾಗ ಒಂದು ನರ್ಸರಿಯಿಂದ ಚಾಪೆಯಂತೆ ಸುತ್ತಿಟ್ಟ ಹೊಸ ಹುಲ್ಲನ್ನು ತರಿಸಿ ಹಾಸಲಾಯಿತು. ಗೇಟಿನ ಬದಿಯ ಒಂದು ಪಟ್ಟಿಯಲ್ಲಿ ಮಾತ್ರ ಹಳೆಯ ಗರಿಕೆ ಉಳಿಯಿತು.

2024ನೆಯ ಇಸವಿಯ ಬೇಸಗೆ ಬಂತು. ಹಿಂದಿನ ವರ್ಷದ ಮುಂಗಾರು ಸೋತಿತ್ತು. ಊರಲ್ಲಿ ನಮ್ಮ ತೋಟಗಳೇ ಬಾಡಿದ್ದವು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು, ನಮ್ಮ ಮನೆಯದೂ ನಿಂತಿತು. ಮಾರ್ಚಿಯಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು, ಕಟ್ಟಡದ ಕೆಲಸಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆಜ್ಞೆ ಹೊರಡಿಸಿದರು. ಟ್ಯಾಂಕರಿನ ಬೆಲೆ ಏರಿದ್ದನ್ನು ತಡೆಯಲು ಜಿಲ್ಲಾಡಳಿತ 6,000 ಲೀಟರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ಗೊತ್ತುಮಾಡಿತು. ಏಪ್ರಿಲ್ ತಿಂಗಳು ಪೂರ್ತಿ ಒಂದು ಹನಿ ಬೀಳಲಿಲ್ಲ. ನಾವು ತಾಯಿಯವರಿಗೆ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ ಎಂದೆವು. ಅವರು ಪಾತ್ರೆ ತೊಳೆದ ನೀರನ್ನು ಚೆಂಬಿನಲ್ಲಿ ಹೊತ್ತು ಹಾಕಲು ಶುರುಮಾಡಿದರು. ಎಂಬತ್ತರ ವಯಸ್ಸು. ಒಂದು ದಿನ ಮೆಟ್ಟಿಲ ಬಳಿ ಜಾರಿ ಕೈ ಉಳುಕಿಸಿಕೊಂಡರು. ಲೆಕ್ಕ ಹಾಕಲೇಬೇಕೆಂದು ನಮಗೆ ತೋರಿದ್ದು ಆಗ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಒಂದು ಲೀಟರು. ಬೆಂಗಳೂರಿನ ಮಾರ್ಚಿ–ಏಪ್ರಿಲಿನ ಬಿಸಿಲಿನಲ್ಲಿ ಹಸಿರಾಗಿಯೇ ಇರಬೇಕಾದ ಹುಲ್ಲುಹಾಸು ದಿನಕ್ಕೆ ಸುಮಾರು 4 ಮಿಲಿಮೀಟರು ಬೇಡುತ್ತದೆ, ಬಿಸಿಲು ಜೋರಾದ ದಿನ ಐದು. ಮಳೆಯನ್ನು ಇಂಚು–ಸೆಂಟಿನಲ್ಲಿ ಬರೆದಿಡುವ ನಮ್ಮವರಿಗೆ ಹೇಳುವುದಾದರೆ ವಾರಕ್ಕೆ ಒಂದಿಂಚು ಹತ್ತು ಸೆಂಟು. ರೊಬಸ್ಟಾ ಹೂ ಬಿಡಿಸಲು ಸ್ಪ್ರಿಂಕ್ಲರು ಹಾಕಿ ಒಂದು, ಒಂದೂವರೆ ಇಂಚು ಕೊಡಲು ನಾವು ಎಷ್ಟು ಡೀಸೆಲ್ಲು, ಎಷ್ಟು ನಿದ್ದೆ ಖರ್ಚು ಮಾಡುತ್ತೇವೆ! ಹೆಚ್ಚುಕಡಿಮೆ ಅಷ್ಟೇ ನೀರನ್ನು ಲಾನು ಬೇಸಗೆಯಲ್ಲಿ ವಾರ ವಾರವೂ ಕೇಳುತ್ತದೆ. 400 ಚದರಡಿ ಎಂದರೆ 37 ಚದರ ಮೀಟರು, ದಿನಕ್ಕೆ ಸುಮಾರು 150 ಲೀಟರು, ತಿಂಗಳಿಗೆ 4,500 ಲೀಟರು. ನಗರದಲ್ಲಿ ಒಬ್ಬ ಮನುಷ್ಯನಿಗೆ ಎಲ್ಲಾ ಬಳಕೆಗೂ ಸೇರಿ ದಿನಕ್ಕೆ 135 ಲೀಟರು ಎಂಬುದು ನಮ್ಮ ದೇಶದಲ್ಲಿ ಒಪ್ಪಿಕೊಂಡ ಪ್ರಮಾಣ. ಅಂದರೆ ಆ ಹುಲ್ಲು ಮನೆಯಲ್ಲಿ ಇನ್ನೊಬ್ಬರು ಇದ್ದಂತೆ.

ಹಾಗಾದರೆ ತರಕಾರಿಗೆ ನೀರು ಕಡಿಮೆ ಸಾಕೇ? ಇಲ್ಲಿ ಹಲವರು ತಪ್ಪು ತಿಳಿದಿದ್ದಾರೆ. ಚದರಡಿಗೆ ಚದರಡಿ ಹೋಲಿಸಿದರೆ ಮಡಿ ತುಂಬ ಬೆಳೆದು ನಿಂತ ತರಕಾರಿ ಹುಲ್ಲಿಗಿಂತ ಕಡಿಮೆ ಕುಡಿಯುವುದಿಲ್ಲ, ತುಸು ಹೆಚ್ಚೇ ಕುಡಿಯುತ್ತದೆ. ಅದರ ಬೇರು ಮೇಲೆಯೇ ಇರುವುದರಿಂದ ಒಂದು ದಿನ ತಪ್ಪಿದರೂ ಬಾಡುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ. ಹರಿವೆ ಬಿತ್ತಿದ 25 ದಿನಕ್ಕೆ ಸಾರಿಗೆ ಬರುತ್ತದೆ, ಮೂರು ತಿಂಗಳಲ್ಲಿ ಮಡಿ ಖಾಲಿಯಾಗುತ್ತದೆ. ಬೇಸಗೆಯಲ್ಲಿ ನೀರಿಲ್ಲವೆಂದರೆ ಬಿತ್ತದೆ ಬಿಡಬಹುದು. ಮಡಿಯ ಮೇಲೆ ತರಗೆಲೆ ಹೊದಿಸಿ ಸುಮ್ಮನಿದ್ದರೆ ಮಣ್ಣು ಕೆಡುವುದಿಲ್ಲ, ಇನ್ನಷ್ಟು ಹದವಾಗುತ್ತದೆ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರು, ಅದರ ಬಹುಪಾಲು ಮೇ ತಿಂಗಳಿಂದ ಅಕ್ಟೋಬರಿನೊಳಗೆ ಬೀಳುತ್ತದೆ. ಆ ಆರು ತಿಂಗಳು ಮೇಲಿನ ನೀರಿನಲ್ಲೇ ಹೆಚ್ಚುಕಡಿಮೆ ಎರಡು ಬೆಳೆ ತೆಗೆಯಬಹುದು. ಹುಲ್ಲುಹಾಸಿಗೆ ಆ ಅನುಕೂಲವಿಲ್ಲ. ಅದು ವರ್ಷದ ಬೆಳೆ. ನೀರಿಲ್ಲದ ತಿಂಗಳಲ್ಲೇ ಅದಕ್ಕೆ ನೀರು ಬೇಕು.

ಹುಲ್ಲುಗಳಲ್ಲಿಯೂ ಭೇದವಿದೆ. ನಾವು ಆ ವರ್ಷ ಏಪ್ರಿಲಿನಲ್ಲಿ ನೀರು ನಿಲ್ಲಿಸಿದಾಗ ಹಾಸಿದ ಚಾಪೆಹುಲ್ಲು ಮೂರು ವಾರದಲ್ಲಿ ಒಣಗಿ ಬೆಂಕಿಕಡ್ಡಿಯಂತಾಯಿತು, ಮೇ ಮಳೆ ಬಿದ್ದರೂ ಮುಕ್ಕಾಲು ಪಾಲು ಏಳಲಿಲ್ಲ. ಗೇಟಿನ ಬದಿಯ ಗರಿಕೆಯೂ ಒಣಗಿ ಕಂದಾಗಿತ್ತು; ಮೊದಲ ಮಳೆಯ ವಾರದಲ್ಲಿಯೇ ಚಿಗುರಿತು. ಗರಿಕೆಯ ಬಲ ಮಣ್ಣಿನೊಳಗಿನ ಬೇರುಕಾಂಡದಲ್ಲಿದೆ. ಬರ ಬಂದಾಗ ಅದು ಮೇಲಿನದನ್ನು ಬಿಟ್ಟುಕೊಟ್ಟು ಕೆಳಗಿನದನ್ನು ಕಾಪಾಡಿಕೊಳ್ಳುತ್ತದೆ. ಉಪ್ಪು ನೀರನ್ನೂ ತಡೆಯುತ್ತದೆ. ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂದೆಲ್ಲ ಹೆಸರು ಹೇಳಿ ಮಾರುವ ನವಿರು ಎಲೆಯ ಹುಲ್ಲು ಕಣ್ಣಿಗೆ ಚೆನ್ನ, ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಶ್ರಮವೂ ಕಡಿಮೆ. ಆದರೆ ಚಾಪೆಯೊಡನೆ ಬರುವ ಮಣ್ಣಿನಲ್ಲಿ ಏನೇನು ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ನಮಗೆ ಬಂದದ್ದು ಕೊನ್ನಾರಿ ಗಡ್ಡೆ. ಅದರ ಜೊತೆಗೆ ಗೊಣ್ಣೆಹುಳು. ಅಡಿಕೆ ತೋಟದ ಬೇರುಹುಳುವನ್ನು ಕಂಡವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ.

ಇನ್ನು ಹರಿವೆ. ತರಕಾರಿಗಳಲ್ಲಿ ಇದನ್ನೇ ಹುಲ್ಲಿನ ಎದುರು ಇಟ್ಟು ನೋಡುವುದಕ್ಕೆ ಕಾರಣವುಂಟು. ರಾಗಿ, ಜೋಳ, ಕಬ್ಬು, ಗರಿಕೆ ಇವೆಲ್ಲ ಬಿಸಿಲನ್ನೂ ನೀರನ್ನೂ ಮಿತವಾಗಿ ಬಳಸಿ ಆಹಾರ ತಯಾರಿಸುವ ಒಂದು ವಿಶೇಷ ಕ್ರಮವನ್ನು ಪಡೆದಿರುವ ಸಸ್ಯಗಳು. ವಿಜ್ಞಾನಿಗಳು ಇವನ್ನು ಸಿ-4 ಸಸ್ಯಗಳೆನ್ನುತ್ತಾರೆ. ಸೊಪ್ಪುಗಳಲ್ಲಿ ಹರಿವೆಯೂ ಅದೇ ಗುಂಪಿನದು. ಹುರುಳಿಕಾಯಿ, ಟೊಮ್ಯಾಟೊ, ಪಾಲಕ್ ಈ ಗುಂಪಿಗೆ ಸೇರುವುದಿಲ್ಲ. ಹೀಗಾಗಿ ಗರಿಕೆ ಎಲ್ಲಿ ಸೊಂಪಾಗಿ ಬರುವುದೋ ಅಲ್ಲಿ ಹರಿವೆಯೂ ಬರುತ್ತದೆ. ಎರಡಕ್ಕೂ ನೆರಳಾಗದು. ತೆಂಗು, ಮಾವಿನ ಬುಡದಲ್ಲಿ ಲಾನು ಬೋಳಾಗುತ್ತದೆಂದು ದೂರುವವರು ಅಲ್ಲಿ ಹರಿವೆ ಬಿತ್ತಿದರೆ ಅದೂ ಬಡಕಲಾಗಿ ಏಳುವುದನ್ನು ಕಾಣುವರು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ಎಷ್ಟಿದೆ ಎಂದು ಮೊದಲು ಅಳೆಯಿರಿ. ಪಕ್ಕದ ನಿವೇಶನದಲ್ಲಿ ನಾಲ್ಕು ಅಂತಸ್ತು ಎದ್ದ ಮೇಲೆ ದಕ್ಷಿಣ ಬೆಂಗಳೂರಿನ ಎಷ್ಟೋ ಅಂಗಳಗಳಲ್ಲಿ ಬಿಸಿಲೇ ಉಳಿದಿಲ್ಲ. ನಮ್ಮ 400 ಚದರಡಿಯಲ್ಲಿ ಬಿಸಿಲು ಸಿಕ್ಕುವುದು ಸುಮಾರು 150 ಚದರಡಿಗೆ ಮಾತ್ರ. ಈ ಅಳತೆ ಮಾಡಿದ ಮೇಲೆ ನಮ್ಮ ಅರ್ಧ ಪ್ರಶ್ನೆ ತಾನಾಗಿ ಬಗೆಹರಿಯಿತು.

ಉಳಿದರ್ಧ ತಾಯಿಯವರದು. "ಅಪ್ಪಯ್ಯ ಹಾಕಿಸಿದ ಹುಲ್ಲು ಕಣೋ, ಅದನ್ನ ಕೀಳಿಸ್ತೀಯಾ?" ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಲೆಕ್ಕದ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಅವರೇ ಮಾತೆತ್ತಿದರು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಹಾರದ ಕೊರತೆಯ ಕಾಲದಲ್ಲಿ ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿಕೊಳ್ಳದೆ ಉಳುಮೆ ಮಾಡಿಸಿದ್ದು, ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶಕ್ಕೆ ಹೇಳಿದ್ದು ಅವರಿಗೆ ನೆನಪಿತ್ತು. ಆಗ ಅವರಿಗೆ ಇಪ್ಪತ್ತೊಂದು, ಹೊಸದಾಗಿ ಮದುವೆಯಾಗಿ ನಮ್ಮ ಮನೆಗೆ ಬಂದಿದ್ದರು, ಮನೆಯಲ್ಲಿ ಎಲ್ಲರೂ ಸೋಮವಾರ ಒಪ್ಪತ್ತು ಮಾಡುತ್ತಿದ್ದರಂತೆ. "ಗೇಟಿನ ಹತ್ತಿರದ್ದು ಬಿಡು, ಉಳಿದದ್ದು ಏನಾದರೂ ಮಾಡಿಕೋ" ಎಂದರು. ಗೇಟಿನ ಬದಿಯ ಗರಿಕೆಯೇ ತಂದೆಯವರು ಹಾಕಿಸಿದ್ದು. ಸತ್ತದ್ದು ನಾವು ಆಮೇಲೆ ತಂದದ್ದು. ಹೀಗೆ ಇಬ್ಬರಿಗೂ ಒಪ್ಪಿಗೆಯಾಯಿತು.

ಹುಲ್ಲು ಇದ್ದ ಜಾಗವನ್ನು ಮಡಿ ಮಾಡುವುದರಲ್ಲಿ ಅವಸರ ಸಲ್ಲದು. ಗರಿಕೆ ಇರುವ ಕಡೆ ಗುದ್ದಲಿ ಹಾಕಿ ಕೊಚ್ಚಿದರೆ ಒಂದು ಬೇರು ಹತ್ತು ತುಂಡಾಗಿ ಹತ್ತೂ ಚಿಗುರುತ್ತವೆ. ಬೇಸಗೆಯಲ್ಲಿ ನೆಲವನ್ನು ಒಮ್ಮೆ ನೆನೆಸಿ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಬಿಗಿಮಾಡಿ ಹೊದಿಸಿ ಆರು ವಾರ ಬಿಡುವುದು ಉತ್ತಮ. ಬಿಸಿಲಿನ ಕಾವಿಗೆ ಮೇಲಿನ ಬೇರೂ ಕಳೆಬೀಜವೂ ಬಹುಮಟ್ಟಿಗೆ ಸಾಯುತ್ತವೆ. ಆಮೇಲೆ ಮುಳ್ಳುಗುದ್ದಲಿಯಿಂದ ಎಬ್ಬಿಸಿ ಉಳಿದ ಬೇರನ್ನು ಕೈಯಿಂದ ಆರಿಸತಕ್ಕದ್ದು. ಕೊನ್ನಾರಿ ಗಡ್ಡೆಗೆ ಈ ಉಪಾಯ ಸಾಲದು. ಅದನ್ನು ಕಂಡಾಗಲೆಲ್ಲ ಗಡ್ಡೆ ಸಮೇತ ಅಗೆದು ತೆಗೆಯದೆ ಬೇರೆ ದಾರಿಯಿಲ್ಲ. ನಾವು ಇನ್ನೂ ತೆಗೆಯುತ್ತಿದ್ದೇವೆ.

ಹಳೆಯ ಬಡಾವಣೆಗಳ ಅಂಗಳದಲ್ಲಿ ಮಣ್ಣಿಗಿಂತ ಕಟ್ಟಡದ ಜಲ್ಲಿ, ಸುಣ್ಣದ ಗಾರೆ ಹೆಚ್ಚಿರುವುದೂ ಉಂಟು. ನಮ್ಮಲ್ಲಿ ಒಂದಡಿ ಕೆಳಗೆ ಇಟ್ಟಿಗೆ ಚೂರು ಸಿಕ್ಕಿತು. ಜೀಪಿನಲ್ಲಿ ಊರಿಂದ ಎರಡು ಚೀಲ ಕೊಳೆತ ಕಾಫಿ ಸಿಪ್ಪೆಯ ಗೊಬ್ಬರ, ಒಂದು ಚೀಲ ಕೊಟ್ಟಿಗೆ ಗೊಬ್ಬರ ಒಯ್ದು ಬೆರೆಸಿದೆವು. ಅಡಿಕೆ ಸಿಪ್ಪೆ ಬೇಗ ಕೊಳೆಯುವುದಿಲ್ಲವಾದ್ದರಿಂದ ಅದನ್ನು ಮಣ್ಣಿಗೆ ಬೆರೆಸದೆ ಮೇಲು ಹೊದಿಕೆಗೆ ಬಳಸಿದೆವು, ನೀರಿನ ಉಳಿತಾಯ ಚೆನ್ನಾಗಿ ಕಂಡುಬಂತು. ಫಿಲ್ಟರಿನಲ್ಲಿ ಉಳಿಯುವ ಕಾಫಿ ಗಸಿಯನ್ನು ದಿನವೂ ಮಡಿಗೆ ಸುರಿಯುವ ಅಭ್ಯಾಸ ಕೆಲವರಿಗಿದೆ. ಹಸಿ ಗಸಿ ದಪ್ಪನಾಗಿ ಬಿದ್ದಲ್ಲಿ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ ಕೊಳೆತ ಮೇಲೆ ಬಳಸಿರಿ.

ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ತಳಿಯನ್ನು ತಂದೆವು. ಇದನ್ನು ಬೇರು ಸಮೇತ ಕೀಳದೆ ಮೇಲಿನಿಂದ ಕೊಯ್ಯುತ್ತಾ ಹೋಗಬಹುದು. 25ನೆಯ ದಿನಕ್ಕೆ ಮೊದಲ ಕೊಯ್ಲು, 90 ದಿನಗಳವರೆಗೆ ಚಿಗುರುತ್ತದೆ. ಹೆಕ್ಟೇರಿಗೆ 25ರಿಂದ 30 ಟನ್ನು ಎಂದು ಸಂಸ್ಥೆಯ ಹೇಳಿಕೆ. ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋಗೂ ಮೇಲೆ. ಮನೆಯಂಗಳದಲ್ಲಿ ಅಷ್ಟು ನಿರೀಕ್ಷಿಸಬಾರದು. ನಮ್ಮ 80 ಚದರಡಿ ಮಡಿಯಿಂದ 2024ರ ಜೂನಿನಲ್ಲಿ ಬಿತ್ತಿದ ಬೆಳೆ ಸುಮಾರು 11 ಕಿಲೋ ಸೊಪ್ಪು ಕೊಟ್ಟಿತು. ತಾಯಿಯವರು ಪ್ರತಿ ಕೊಯ್ಲನ್ನೂ ತೂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರಿಂದ ಈ ಅಂಕಿ ನಮ್ಮ ಕಲ್ಪನೆಯದಲ್ಲ. ಬೀಜ ರಾಗಿಗಿಂತಲೂ ಸಣ್ಣದು, ಮರಳಿನಲ್ಲಿ ಬೆರೆಸಿ ತೆಳ್ಳಗೆ ಬಿತ್ತಿ ಮೇಲೆ ಪುಡಿಗೊಬ್ಬರ ಉದುರಿಸಬೇಕು. ಇರುವೆ ಹೊತ್ತೊಯ್ಯುತ್ತದೆ, ಮಡಿಯ ಸುತ್ತ ಬೂದಿಯ ಗೆರೆ ಎಳೆದರೆ ಸ್ವಲ್ಪ ತಡೆ.

ಎಲ್ಲವೂ ಹೀಗೆ ನಡೆಯಿತೆಂದು ಯಾರೂ ತಿಳಿಯಬಾರದು. ಸೆಪ್ಟೆಂಬರಿನ ಎರಡನೆಯ ಬಿತ್ತನೆಗೆ ಎಲೆಗಳನ್ನು ಬಲೆಯಂತೆ ಹೆಣೆದು ತಿನ್ನುವ ಹುಳು ಬಿತ್ತು. ಬೇವಿನ ಬೀಜದ ಕಷಾಯ ಸಿಂಪಡಿಸುವಷ್ಟರಲ್ಲಿ ಅರ್ಧ ಹೋಗಿತ್ತು. ಪಕ್ಕದಲ್ಲಿ ಹಾಕಿದ ಗಿಡ್ಡ ಹುರುಳಿಕಾಯಿ, ಅರ್ಕಾ ಕೋಮಲ್, ಹೂ ಕಚ್ಚುವ ಹೊತ್ತಿಗೆ ಅಕ್ಟೋಬರಿನ ಜಡಿಮಳೆ ಹೊಡೆದು ನೀರು ನಿಂತು ಬುಡ ಕೊಳೆಯಿತು. ಮಡಿಯನ್ನು ಅರ್ಧ ಅಡಿ ಎತ್ತರಿಸದೇ ಇದ್ದದ್ದು ನಮ್ಮದೇ ತಪ್ಪು. ಮಲೆನಾಡಿನಲ್ಲಿ ಬಸಿಗಾಲುವೆ ಇಲ್ಲದೆ ಅಡಿಕೆ ಹಾಕುವವರನ್ನು ಬೈಯುವ ನಾವೇ ಜಯನಗರದಲ್ಲಿ ಅದನ್ನು ಮರೆತೆವು. ಟೊಮ್ಯಾಟೊಗೆ ಬಿಳಿನೊಣ ಬಂದು ಎಲೆ ಮುರುಟಿತು, ಕಿತ್ತೆಸೆದೆವು. ಅದೇ ಮಳೆಯಲ್ಲಿ ಗೇಟಿನ ಬದಿಯ ಗರಿಕೆಗೆ ಏನೂ ಆಗಲಿಲ್ಲ. ಮಣ್ಣು ಕೊಚ್ಚದಂತೆ ಹಿಡಿದುಕೊಂಡಿತ್ತು. ಹುಲ್ಲಿನ ಈ ಗುಣವನ್ನು ಒಪ್ಪಲೇಬೇಕು: ಯಾರೂ ನೋಡದಿದ್ದರೂ ಅದು ಬದುಕುತ್ತದೆ. ತರಕಾರಿಗೆ ದಿನಕ್ಕೊಮ್ಮೆ ಒಂದು ಕಣ್ಣು ಬೇಕು. ಬೀಗ ಹಾಕಿಟ್ಟು ತಿಂಗಳಿಗೊಮ್ಮೆ ಹೋಗಿಬರುವ ಮನೆಯಾದರೆ ತರಕಾರಿಯ ಆಸೆ ಬಿಟ್ಟು ಗರಿಕೆಯನ್ನೇ ಇರಗೊಡಿ. ಬೇಸಗೆಯಲ್ಲಿ ಕಂದಾಗಲಿ, ನೀರು ಹಾಕಬೇಡಿ.

ಹಣದ ಲೆಕ್ಕ ಕೇಳುವವರಿಗೆ ಒಂದು ಮಾತು. 11 ಕಿಲೋ ಹರಿವೆಯನ್ನು ಹಾಪ್‌ಕಾಮ್ಸ್ ಮಳಿಗೆಯಲ್ಲಿ ಕೊಂಡರೆ ದೊಡ್ಡ ಮೊತ್ತವೇನೂ ಆಗದು. ಮಾಲಿಗೆ ಕೂಲಿ ಕೊಟ್ಟು ಬೆಳೆಸಿದರೆ ನಷ್ಟವೇ ಸರಿ. ಲಾಭ ಇರುವುದು ಸೊಪ್ಪು ಎಲ್ಲಿಯ ನೀರಿನಲ್ಲಿ ಬೆಳೆಯಿತೆಂದು ತಿಳಿದಿರುವುದರಲ್ಲಿ. ವೃಷಭಾವತಿಯ ಕೊಳಚೆ ಬೈರಮಂಗಲದ ಕೆರೆಗೆ ಸೇರಿ ಅಲ್ಲಿಂದ ಹೊಲಗಳಿಗೆ ಹರಿಯುವುದನ್ನು ಕಂಡವರು ಸೊಪ್ಪು ಕೊಳ್ಳುವಾಗ ಒಮ್ಮೆ ಯೋಚಿಸುತ್ತಾರೆ. ಹಾಗೆಂದು ಬೆಂಗಳೂರಿನ ಅಂಗಳವೂ ನಿರ್ಮಲವಲ್ಲ. ವಾಹನ ಸಂಚಾರವಿರುವ ರಸ್ತೆಯ ಕಾಂಪೌಂಡಿಗೆ ಒತ್ತಿ ಸೊಪ್ಪು ಬೆಳೆಯಬಾರದು, ಧೂಳು ಎಲೆಯ ಮೇಲೆಯೇ ಕೂರುತ್ತದೆ. ಅಲ್ಲಿ ಹುಲ್ಲೇ ಇರಲಿ, ಸೊಪ್ಪಿನ ಮಡಿ ಒಳಬದಿಗಿರಲಿ. ಹಳೆಯ ಬಣ್ಣ ಉದುರುವ ಗೋಡೆಯ ಬುಡವನ್ನೂ ಬಿಡಿ.

ನೀರಿನ ಬಗ್ಗೆ ಇನ್ನೆರಡು ಸಂಗತಿ. 1,000 ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಸೋರಿಕೆ ಕಳೆದು 700 ಲೀಟರಿಗೂ ಮೇಲೆ ಹಿಡಿಯಬಹುದು. ಇದರ ಕ್ರಮಗಳನ್ನು ಕಣ್ಣಾರೆ ನೋಡಲು ಜಯನಗರ ಐದನೆಯ ಬ್ಲಾಕಿನಲ್ಲಿ ಜಲಮಂಡಳಿಯವರು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆನೀರು ಕೊಯ್ಲಿನ ಉದ್ಯಾನವನ್ನೇ ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ಸ್ಥಳ. ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ ಧಾರಾಳವಾಗಿ ಆಗುತ್ತದೆ. ಸಾಬೂನಿನ ನೀರು, ನೀರು ಶುದ್ಧಿಮಾಡುವ ಯಂತ್ರದಿಂದ ಹೊರಬೀಳುವ ಉಪ್ಪಿನ ನೀರು ಹುರುಳಿಕಾಯಿಗೆ ಆಗದು, ಬೇಕಾದರೆ ಗರಿಕೆಗೆ ಹಾಕಿರಿ.

ಬಿ.ಟಿ.ಎಂ., ಜೆ.ಪಿ. ನಗರದ 30x40 ಮನೆಗಳವರು, ನಮ್ಮಲ್ಲಿ ಮಣ್ಣೇ ಇಲ್ಲವಲ್ಲ ಎನ್ನಬಹುದು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಕೆರೆಯೂ ಹೊಲವೂ ಇದ್ದ ಹಳ್ಳಿಗಳ ಹೆಸರು ಮೂರಕ್ಷರಕ್ಕೆ ಇಳಿದಿದೆ, ಮಣ್ಣು ಕಾಂಕ್ರೀಟಿನ ಕೆಳಗಿದೆ. ಅಂಥವರಿಗೆ ತಾರಸಿಯೇ ಗತಿ. ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ತೋಟವನ್ನು ಬೆಂಗಳೂರಿನಲ್ಲಿ ಮನೆಮಾತಾಗಿಸಿದರು. ಅವರ ಬಳಿ ಕಲಿತವರು ಈ ಕಡೆಯ ಬಡಾವಣೆಗಳಲ್ಲಿ ಬಹಳ ಮಂದಿ ಇದ್ದಾರೆ. ಆ ವಿಷಯ ಬೇರೆಯೇ ಬರೆಯಬೇಕಾದದ್ದು.

ನೆರಳಿನ 200 ಚದರಡಿ ನಮ್ಮಲ್ಲಿ ಬರಿದಾಗಿಯೇ ಉಳಿದಿತ್ತು. ಅಲ್ಲಿ ಹುಲ್ಲೂ ಬಾರದು, ಹರಿವೆಯೂ ಬಾರದು. ಇದಕ್ಕೆ ದಾರಿ ತೋರಿದವರು ತಾಯಿಯವರೇ. ಅಡಿಕೆ ತೋಟದ ಕಪ್ಪಿನ ಅಂಚಿನಲ್ಲಿ ಯಾರೂ ನೆಡದೆ ಹಬ್ಬುವ ಒಂದೆಲಗವನ್ನು ತಂದು ಹಾಕಲು ಹೇಳಿದರು. ಅದು ನೆಲಕ್ಕೆ ಅಂಟಿ ಹಾಸಿನಂತೆ ಹರಡುತ್ತದೆ, ಕತ್ತರಿಸುವ ಗೋಜಿಲ್ಲ, ತಂಬುಳಿಗೂ ಆಯಿತು. ನೆರಳಿನಲ್ಲಿ ಬಿಸಿಲು ತಾಗದ್ದರಿಂದ ನೀರೂ ಕಡಿಮೆ ಸಾಕು, ಆದರೆ ತೇವ ಆರಬಾರದು. ಬಚ್ಚಲ ನೀರು ಹರಿಯುವಲ್ಲಿ ಮಾತ್ರ ಬೆಳೆಸಬಾರದು, ತಿನ್ನುವ ಸೊಪ್ಪು. 2025ರ ಜೂನಿನಲ್ಲಿ ಬೇರು ಬಿಟ್ಟ ಬಳ್ಳಿಗಳನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಒಯ್ದು ಬೆಳಗಾಗುತ್ತಲೇ ಗೇಣಿಗೊಂದರಂತೆ ನೆಟ್ಟೆವು. ನವರಾತ್ರಿಯ ಹೊತ್ತಿಗೆ ನೆಲ ಮುಚ್ಚಿತ್ತು. ಅದರ ಮೇಲೆ ನಡೆದಾಡಲು ಬರುವುದಿಲ್ಲ ಎಂಬುದೊಂದೇ ತಾಯಿಯವರ ಆಕ್ಷೇಪ. ನಡೆದಾಡಲು ಗೇಟಿನ ಬದಿಯ ಪಟ್ಟಿ ಇದೆ. ಚೌತಿಯ ದಿನ ಬೀದಿಯ ಅರ್ಧ ಮನೆಗಳಿಗೆ ಗರಿಕೆ ಹೋಗುವುದೂ ಅಲ್ಲಿಂದಲೇ.

ಬಳ್ಳಿ ಒಯ್ಯುವ ಸದಸ್ಯರು ಮುಂಗಾರು ಹಿಡಿದ ಮೇಲೆ, ಔಷಧಿ ಸಿಂಪಡಿಸದ ಕಡೆಯಿಂದ ಕಿತ್ತುಕೊಳ್ಳತಕ್ಕದ್ದು. ಬೋರ್ಡೋ ಹೊಡೆದ ತೋಟದ ಅಡಿಯದು ಬೇಡ.